‘12 ಚದರ’ ಎಂಬ ಉತ್ತರಕ್ಕೆ ಅಂಕ ಕೊಡಬೇಕಿತ್ತೇ? ಪ್ರಾಥಮಿಕ ಶಾಲೆಯ ಆಕೃತಿ ಮತ್ತು ಅಳತೆಯ ಪದಗಳ ಬಗ್ಗೆ

ಕಪ್ಪುಹಲಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರವಲಯದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಐದನೆಯ ತರಗತಿಗೆ ಗಣಿತ ಕಲಿಸುತ್ತೇನೆ. ಕಳೆದ ವಾರದ ಕಿರುಪರೀಕ್ಷೆಯಲ್ಲಿ ‘30 ಅಡಿ ಅಗಲ ಮತ್ತು 40 ಅಡಿ ಉದ್ದವಿರುವ ನಿವೇಶನದ ವಿಸ್ತೀರ್ಣವೆಷ್ಟು?’ ಎಂದು ಕೇಳಿದ್ದೆ. ಹೆಚ್ಚಿನ ಮಕ್ಕಳು 1200 ಚದರ ಅಡಿ ಎಂದು ಬರೆದರು. ಆರೇಳು ಮಕ್ಕಳು ಎಂದಿನಂತೆ ನಾಲ್ಕೂ ಬದಿಗಳನ್ನು ಕೂಡಿ 140 ಎಂದು ಬರೆದರು. ಒಬ್ಬ ಹುಡುಗ ಮಾತ್ರ ಲೆಕ್ಕದ ಯಾವ ಹಂತವನ್ನೂ ತೋರಿಸದೆ ‘12 ಚದರ’ ಎಂದು ಬರೆದು ಮುಗಿಸಿದ್ದ. ಮೂಲಮಾನ ತಪ್ಪು, ಸಂಖ್ಯೆಯೂ ತಪ್ಪು ಎಂದುಕೊಂಡು ನಾನು ಕೆಂಪು ಶಾಯಿಯಲ್ಲಿ ಗೀಟು ಎಳೆದೆ. ಮರುದಿನ ಅವನು ಉತ್ತರಪತ್ರಿಕೆ ಹಿಡಿದು ಬಂದು, ‘ಮಿಸ್, ನಮ್ಮಪ್ಪ ಗಾರೆ ಕೆಲಸ ಮಾಡ್ತಾರೆ. ಮೂವತ್ತು ನಲವತ್ತು ಸೈಟು ಅಂದ್ರೆ ಹನ್ನೆರಡು ಚದರಾನೇ’ ಎಂದ. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಪಠ್ಯಪುಸ್ತಕದಲ್ಲಿ ಚದರ ಎಂಬುದು ಸೆಂಟಿಮೀಟರಿಗೋ ಮೀಟರಿಗೋ ಅಂಟಿಕೊಂಡು ಬರುವ ಪದವೇ ಹೊರತು ತಾನೇ ಒಂದು ಅಳತೆಯಾಗಿ ನಿಲ್ಲುವುದಿಲ್ಲ.

ಇದರ ನಂತರ ನಾನು ದಿನವೂ ಬಳಸುವ ಪದಗಳ ಮೇಲೆಯೇ ಅನುಮಾನ ಹುಟ್ಟಿಕೊಂಡಿದೆ. ವೃತ್ತದ ಪಾಠ ಮಾಡುವಾಗ ಹುಡುಗಿಯೊಬ್ಬಳು, ‘ತ್ರಿಭುಜದಲ್ಲಿ ಮೂರು ಭುಜ ಇವೆ, ತ್ರಿಜ್ಯದಲ್ಲಿ ಮೂರು ಏನಿದೆ?’ ಎಂದು ಕೇಳಿದಳು. ಇಪ್ಪತ್ತು ವರ್ಷಗಳಿಂದ ಆ ಪದವನ್ನು ಹಲಗೆಯ ಮೇಲೆ ಬರೆಯುತ್ತಿರುವ ನನಗೆ ಅಂಥ ಪ್ರಶ್ನೆಯೊಂದು ಇದೆಯೆಂದೇ ತೋಚಿರಲಿಲ್ಲ. ಕೈವಾರ ತನ್ನಿ ಎಂದರೆ ಕೈವಾರಕ್ಕೆ ಪ್ರವಾಸ ಹೋಗುವುದು ಯಾವಾಗ ಎಂದು ಕೇಳುವವರೂ ಇದ್ದಾರೆ. ಅದನ್ನು ನಕ್ಕು ಬಿಡಬಹುದು. ಆದರೆ ವರ್ಗ ಎಂದರೆ ಒಮ್ಮೆ ಆಕೃತಿ, ಒಮ್ಮೆ ಸಂಖ್ಯೆಯನ್ನು ಅದೇ ಸಂಖ್ಯೆಯಿಂದ ಗುಣಿಸುವುದು. ಘನ ಎಂದರೆ ಒಮ್ಮೆ ದಾಳದಂಥ ಆಕೃತಿ, ವಿಜ್ಞಾನದ ಪಾಠದಲ್ಲಿ ಕಲ್ಲು ಕಬ್ಬಿಣದಂಥ ಗಟ್ಟಿ ವಸ್ತು. ಒಂದೇ ಪದಕ್ಕೆ ಎರಡು ಮೂರು ಕೆಲಸ ಹಚ್ಚಿ, ಆಮೇಲೆ ಮಕ್ಕಳು ಗೊಂದಲಗೊಂಡರೆ ಅವರನ್ನೇ ಬೈಯುತ್ತೇವೆ.

ನನ್ನ ಪ್ರಶ್ನೆಗಳು ಎರಡು. ಮನೆಯಲ್ಲಿ ಮತ್ತು ಕೆಲಸದ ಜಾಗದಲ್ಲಿ ಬಳಕೆಯಲ್ಲಿರುವ ಅಳತೆಯ ಪದಗಳನ್ನು ತರಗತಿಯೊಳಕ್ಕೆ ಬಿಟ್ಟುಕೊಳ್ಳಬೇಕೇ, ಅಥವಾ ಪರೀಕ್ಷೆಯನ್ನು ನೆನೆದು ಹೊರಗೇ ಇರಿಸಬೇಕೇ? ಪಠ್ಯದ ಸಂಸ್ಕೃತಮೂಲದ ಪದಗಳನ್ನು ಉರು ಹೊಡೆಸುವ ಬದಲು ಹತ್ತು ವರ್ಷದ ಮಕ್ಕಳಿಗೆ ಅರ್ಥವಾಗುವಂತೆ ಬಿಡಿಸಿ ಹೇಳುವ ಬಗೆ ಯಾವುದು?

ರಸಮಟ್ಟ

ಮೇಡಂ, ನಾನು ಮನೆ ಕಟ್ಟಿಸುವ ಗುತ್ತಿಗೆ ಕೆಲಸದಲ್ಲಿರುವವನು, ಮೇಷ್ಟ್ರಲ್ಲ. ಆದರೂ ಆ ಹುಡುಗನ ಪರವಾಗಿ ಮಾತನಾಡಲೇಬೇಕಾಗಿದೆ, ಏಕೆಂದರೆ ಅವನ ಉತ್ತರ ಸಂಪೂರ್ಣ ಸರಿಯಾಗಿದೆ. ನಮ್ಮಲ್ಲಿ ಒಂದು ಚದರವೆಂದರೆ ನೂರು ಚದರ ಅಡಿ, ಅಂದರೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗ. ‘ಚದರಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ?’ ಎಂದೇ ಮನೆ ಕಟ್ಟಿಸುವವರು ಮಾತು ಆರಂಭಿಸುತ್ತಾರೆ. 1200 ಚದರ ಅಡಿಯನ್ನು ನೂರರಿಂದ ಭಾಗಿಸಿದರೆ ಹನ್ನೆರಡು ಚದರ. ಹುಡುಗ ಗುಣಾಕಾರವನ್ನೂ ಭಾಗಾಕಾರವನ್ನೂ ಮನಸ್ಸಿನಲ್ಲಿಯೇ ಮಾಡಿದ್ದಾನೆ, ಅಥವಾ ಅಪ್ಪ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಾನೆ. ಯಾವುದೆಂದು ತಿಳಿಯಬೇಕಾದರೆ ‘25 ಅಡಿ, 36 ಅಡಿಯ ಜಾಗ ಎಷ್ಟು ಚದರ?’ ಎಂದು ಕೇಳಿ ನೋಡಿ. ಒಂಬತ್ತು ಎಂದರೆ ಅವನಿಗೆ ಲೆಕ್ಕ ಬರುತ್ತದೆ ಎಂದೇ ಅರ್ಥ.

ಇಲ್ಲಿ ಪದದ ಸ್ಥಾನ ಬದಲಾದರೆ ಬೆಲೆಯೂ ಬದಲಾಗುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಬೇಕು. ‘ಹತ್ತು ಚದರ ಅಡಿ’ ಎಂದರೆ ಬಚ್ಚಲಿನ ಒಂದು ಮೂಲೆಯಷ್ಟು ಜಾಗ. ‘ಹತ್ತು ಅಡಿ ಚದರ’ ಎಂದರೆ ಪ್ರತಿ ಬದಿಯೂ ಹತ್ತು ಅಡಿಯಿರುವ ಕೋಣೆ, ಅಂದರೆ ನೂರು ಚದರ ಅಡಿ. ‘ಹತ್ತು ಚದರ’ ಎಂದರೆ ಸಾವಿರ ಚದರ ಅಡಿಯ ಮನೆ. ಮೂರರಲ್ಲಿಯೂ ಅದೇ ಹತ್ತು, ಅದೇ ಚದರ. ಕಟ್ಟಡದ ಕೆಲಸದಲ್ಲಿ ಈ ವ್ಯತ್ಯಾಸ ತಿಳಿಯದವನು ಮಾತಿನಲ್ಲಿ ಒಪ್ಪಿ ನಷ್ಟದಲ್ಲಿ ಏಳುತ್ತಾನೆ. ಮಹಾರಾಷ್ಟ್ರದ ಗಡಿಯ ಕಡೆಗೆ ಹೋದರೆ ಮರಳು ಜಲ್ಲಿಗಳನ್ನು ಬ್ರಾಸ್ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಬ್ರಾಸ್ ಎಂದರೆ ನೂರು ಘನ ಅಡಿ. ನೆಲಕ್ಕೆ ಚದರ ಹೇಗೋ ರಾಶಿಗೆ ಬ್ರಾಸ್ ಹಾಗೆ.

140 ಎಂದು ಬರೆದ ಮಕ್ಕಳ ವಿಷಯಕ್ಕೆ ಬರುತ್ತೇನೆ. ಅವರು ಲೆಕ್ಕ ತಪ್ಪಿಲ್ಲ, ಬೇರೆ ಪ್ರಶ್ನೆಗೆ ಉತ್ತರ ಬರೆದಿದ್ದಾರೆ. ಅದೇ ನಿವೇಶನಕ್ಕೆ ಕಾಂಪೌಂಡ್ ಗೋಡೆ ಕಟ್ಟುವವನಿಗೆ ಬೇಕಾದದ್ದು 140 ಅಡಿಯೇ. ಒಂದೇ ನಿವೇಶನವನ್ನು ಹಿಡಿದು, ಸುತ್ತ ಗೋಡೆ ಹಾಕುವವನು ಏನು ಅಳೆಯುತ್ತಾನೆ, ನೆಲಕ್ಕೆ ಟೈಲ್ಸ್ ಹಾಸುವವನು ಏನು ಅಳೆಯುತ್ತಾನೆ, ಸಂಪು ತೋಡುವವನು ಏನು ಅಳೆಯುತ್ತಾನೆ ಎಂದು ಕೇಳಿದರೆ ಸುತ್ತಳತೆ, ವಿಸ್ತೀರ್ಣ, ಘನಫಲ ಎಂಬ ಮೂರು ಪದಗಳೂ ಮೂವರು ಕೆಲಸಗಾರರ ಹೆಗಲೇರಿ ಮಕ್ಕಳ ಕಣ್ಣೆದುರು ಬರುತ್ತವೆ.

ಇನ್ನೊಂದು ಮಾತು. ಪಾಯದ ಗುರುತು ಹಾಕುವಾಗ ಮೂಲೆ ಸರಿಯಾಗಿದೆಯೇ ಎಂದು ನೋಡಲು ನಾವು ಒಂದು ಬದಿಯಲ್ಲಿ ಮೂರು ಅಡಿಗೆ, ಇನ್ನೊಂದು ಬದಿಯಲ್ಲಿ ನಾಲ್ಕು ಅಡಿಗೆ ಗುರುತು ಮಾಡಿ, ಆ ಎರಡು ಗುರುತುಗಳ ನಡುವೆ ಟೇಪು ಹಿಡಿಯುತ್ತೇವೆ. ಐದು ಅಡಿ ಬಂದರೆ ಮೂಲೆ ಮಟ್ಟಕ್ಕಿದೆ. 30-40ರ ನಿವೇಶನವಾದರೆ ಎದುರುಬದುರಿನ ಮೂಲೆಗಳ ನಡುವೆ ನೇರವಾಗಿ 50 ಅಡಿ ಬರಬೇಕು. ನಿಮ್ಮ ಪರೀಕ್ಷೆಯ ನಿವೇಶನವೇ ಇದಕ್ಕೆ ಒಳ್ಳೆಯ ಉದಾಹರಣೆ. ನೀವು ಲಂಬಕೋನ ಎನ್ನುವುದನ್ನು ನಾವು ಮೂಲೆಮಟ್ಟ ಇಟ್ಟು, ತೂಕದ ಗುಂಡು ಬಿಟ್ಟು ನೋಡುತ್ತೇವೆ.

ತಿಳಿಗನ್ನಡ

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಸರಳವಾಗಿದೆ. ಪದವನ್ನು ಬಿಡಿಸಿ ಹೇಳುವ ಕಷ್ಟವೇ ಬೇಡವೆಂದರೆ ಬಿಡಿಸಬೇಕಾಗದ ಪದವನ್ನೇ ಬಳಸಬೇಕು. ಸುತ್ತಳತೆ ಎಂಬ ಪದಕ್ಕೆ ಯಾವ ಮಗುವೂ ಅರ್ಥ ಕೇಳುವುದಿಲ್ಲ. ಸುತ್ತಲಿನ ಅಳತೆ ಎಂದು ಅದು ತಾನೇ ಹೇಳುತ್ತದೆ. ಉದ್ದ, ಅಗಲ, ಎತ್ತರ, ಆಳ, ಅಂಚು, ಮೂಲೆಮಟ್ಟ, ಅಳತೆಪಟ್ಟಿ ಎಂಬುವೂ ಹಾಗೆಯೇ. ಹಾಗಿರುವಾಗ ಬಿಂದುವನ್ನು ಚುಕ್ಕಿ ಎಂದರೆ, ರೇಖೆಯನ್ನು ಗೆರೆ ಎಂದರೆ, ಕೋನವನ್ನು ಮೂಲೆ ಎಂದರೆ ಏನು ಕೆಟ್ಟೀತು? ರಂಗೋಲಿ ಹಾಕುವ ಮನೆಯ ಮಗುವಿಗೆ ಚುಕ್ಕಿ ಮತ್ತು ಗೆರೆಗಳನ್ನು ಹೊಸದಾಗಿ ಕಲಿಸಬೇಕಾಗಿಯೇ ಇಲ್ಲ. ಪರೀಕ್ಷೆಗೆ ಪಠ್ಯದ ಪದ ಬೇಕೇ ಬೇಕೆಂದಾದರೆ ಅದನ್ನು ಕೊನೆಯಲ್ಲಿ ಹೇಳಿಕೊಟ್ಟರೆ ಸಾಕು.

ಹಳೇ ಮೇಷ್ಟ್ರು

ಮೂವತ್ತಾರು ವರ್ಷ ಸೀಮೆಸುಣ್ಣದ ಪುಡಿ ಕುಡಿದು ನಿವೃತ್ತನಾದವನು ನಾನು. ಉತ್ತರ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ತಿಳಿಗನ್ನಡದವರ ಮಾತನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಚುಕ್ಕಿಯಿಂದ ಬಿಂದುವಿಗೆ, ಗೆರೆಯಿಂದ ರೇಖೆಗೆ ಹೋಗುವ ದಾರಿ ಸರಿಯಾದದ್ದೇ. ಆದರೆ ಕೋನಕ್ಕೆ ಮೂಲೆ ಎಂದಾಗ ಒಂದು ಮುಖ್ಯ ವಿಷಯ ಕೈತಪ್ಪುತ್ತದೆ. ಮೂಲೆಯೆಂದರೆ ಒಂದು ಜಾಗ. ಅಲ್ಲಿ ಪೊರಕೆ ಇಡಬಹುದು. ಕೋನವೆಂದರೆ ಎರಡು ಕಿರಣಗಳ ನಡುವಿನ ತಿರುವು ಎಷ್ಟು ಎಂಬ ಪ್ರಮಾಣ. ಗಡಿಯಾರದಲ್ಲಿ ಮೂರು ಗಂಟೆಯಾದಾಗ ಎರಡು ಮುಳ್ಳುಗಳ ನಡುವೆ ಲಂಬಕೋನವಿದೆ, ಆದರೆ ಅಲ್ಲಿ ಮೂಲೆ ಇದೆ ಎಂದು ಯಾರೂ ಹೇಳುವುದಿಲ್ಲ. ಆರು ಗಂಟೆಯಾದಾಗ ಸರಳಕೋನವಿದೆ. ನೇರ ಗೆರೆಯ ನಡುವೆ ಮೂಲೆಯನ್ನು ಎಲ್ಲಿ ಹುಡುಕುವುದು? ಕೋನದ ಬಾಹುಗಳನ್ನು ಉದ್ದ ಮಾಡಿದರೆ ಕೋನ ದೊಡ್ಡದಾಗುತ್ತದೆ ಎಂದು ಮಕ್ಕಳು ತಪ್ಪು ತಿಳಿಯುವುದಕ್ಕೂ ಮೂಲೆ ಎಂಬ ಕಲ್ಪನೆಯೇ ಕಾರಣವೆಂದು ನನ್ನ ಅನುಭವ. ತರಗತಿಯ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತಾ ಇದು ಲಘುಕೋನ, ಇದು ಲಂಬಕೋನ, ಇದು ವಿಶಾಲಕೋನ ಎಂದು ತೋರಿಸುವುದು ನನ್ನ ಪದ್ಧತಿಯಾಗಿತ್ತು. ಲಘು ಎಂದರೆ ಸಣ್ಣದು, ವಿಶಾಲ ಎಂದರೆ ಅಗಲವಾದದ್ದು ಎಂಬುದು ಬಾಗಿಲಿನಲ್ಲಿಯೇ ಕಾಣುತ್ತದೆ. ಲಂಬ ಎಂಬ ಸಂಸ್ಕೃತ ಪದಕ್ಕೆ ತೂಗಾಡುವುದು, ಜೋತುಬೀಳುವುದು ಎಂದೇ ಅರ್ಥ. ರಸಮಟ್ಟ ಅವರು ಹೇಳಿದ ತೂಕದ ಗುಂಡು ಆ ಪದದೊಳಗೇ ತೂಗುತ್ತಿದೆ.

ಈಗ ಆ ಹುಡುಗಿಯ ಪ್ರಶ್ನೆ. ಅವಳಿಗೆ ನನ್ನ ಅಭಿನಂದನೆಯನ್ನು ತಿಳಿಸಿ. ತ್ರಿಜ್ಯದಲ್ಲಿರುವ ಮೂರು ಯಾವುದೆಂದರೆ ಮೂರು ರಾಶಿಗಳು. ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಒಂದು ತುಣುಕನ್ನು ಬಿಲ್ಲು ಎಂದುಕೊಂಡರೆ ಅದರ ಎರಡು ತುದಿಗಳನ್ನು ಸೇರಿಸುವ ನೇರ ಗೆರೆಯೇ ಹೆದೆ. ನಮ್ಮ ಪಠ್ಯದಲ್ಲಿ ಜ್ಯಾ ಎಂಬುದಕ್ಕೆ ಇಂದಿಗೂ ಅದೇ ಅರ್ಥವಿದೆ. ಹಳೆಯ ಜ್ಯೋತಿರ್ಗಣಿತದವರು ಲೆಕ್ಕದ ಅನುಕೂಲಕ್ಕಾಗಿ ಅರ್ಧ ಹೆದೆಯನ್ನು ಹಿಡಿದು, ಅದನ್ನೇ ಚಿಕ್ಕದಾಗಿ ಜ್ಯಾ ಎಂದು ಕರೆದರು. ಆಕಾಶದ ವೃತ್ತವನ್ನು ಹನ್ನೆರಡು ರಾಶಿಗಳಾಗಿ ಹಂಚಿದಾಗ ಒಂದೊಂದಕ್ಕೆ 30 ಡಿಗ್ರಿ ಬರುತ್ತದೆ, ಮೂರು ರಾಶಿಗೆ 90 ಡಿಗ್ರಿ. ಕೋನ ಹೆಚ್ಚಿದಂತೆ ಈ ಅರ್ಧ ಹೆದೆ ಉದ್ದವಾಗುತ್ತಾ ಹೋಗಿ, 90 ಡಿಗ್ರಿಗೆ ಸರಿಯಾಗಿ ವ್ಯಾಸದ ಅರ್ಧದಷ್ಟಾಗುತ್ತದೆ. ಮೂರು ರಾಶಿಯ ಜ್ಯಾ ಆದ್ದರಿಂದ ಅದು ತ್ರಿಜ್ಯಾ. 499ರ ಆರ್ಯಭಟೀಯದಲ್ಲಿ ಜ್ಯಾಗಳ ಪಟ್ಟಿಯೇ ಇದೆ, ಅಲ್ಲಿ ತ್ರಿಜ್ಯದ ಬೆಲೆ 3438. ಈ ಜ್ಯಾ ಅಥವಾ ಜೀವಾ ಎಂಬ ಪದ ಅರಬ್ಬರ ಕೈಗೆ ಹೋಗಿ ಜೀಬ ಆಯಿತು; ಅದನ್ನು ಲ್ಯಾಟಿನ್ನಿಗೆ ತಂದವರು ಉಡುಪಿನ ಮಡಿಕೆ ಎಂಬ ಅರ್ಥದ ಜೈಬ್ ಎಂದು ಓದಿಕೊಂಡು ಸೈನಸ್ ಎಂದು ಅನುವಾದಿಸಿದರು. ನಿಮ್ಮ ಹುಡುಗಿ ಪ್ರೌಢಶಾಲೆಗೆ ಹೋಗಿ ಸೈನ್ ಕಲಿಯುವಾಗ ಭೇಟಿಯಾಗುವುದು ಇದೇ ಹಳೆಯ ಹೆದೆಯನ್ನು. ಐದನೆಯ ತರಗತಿಗೆ ಇಷ್ಟೆಲ್ಲ ಬೇಕಿಲ್ಲ. ‘ಮೂರು ರಾಶಿ, ಬಿಲ್ಲಿನ ಹೆದೆ’ ಎಂಬಷ್ಟನ್ನು ಹೇಳಿ ಒಂದು ಚಿತ್ರ ಬರೆದರೆ ಸಾಕು.

ಮನೆಯ ಅಳತೆ ತರಗತಿಗೆ ಬರಬೇಕೇ ಎಂಬ ಪ್ರಶ್ನೆಯನ್ನು ನಮ್ಮ ನೆಲದ ಗಣಿತಜ್ಞರು ಕೇಳಿಕೊಂಡಂತೆಯೇ ಕಾಣುವುದಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ, ಅಂದರೆ ಒಂಬತ್ತನೆಯ ಶತಮಾನದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಆಕೃತಿಗಳ ಲೆಕ್ಕಕ್ಕೆ ಕ್ಷೇತ್ರಗಣಿತ ಎಂದು ಹೆಸರು, ಘನಫಲದ ಲೆಕ್ಕಕ್ಕೆ ಖಾತ ಎಂದು ಹೆಸರು. ಕ್ಷೇತ್ರವೆಂದರೆ ಹೊಲ, ಖಾತವೆಂದರೆ ತೋಡಿದ ಗುಂಡಿ. ಸಂಪು ತೋಡುವವನ ಉದಾಹರಣೆ ಅಷ್ಟು ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿಯೇ ಗಣಿತ ಬರೆದ ರಾಜಾದಿತ್ಯನ ಕೃತಿಗಳಿಗೂ ವ್ಯವಹಾರಗಣಿತ, ಕ್ಷೇತ್ರಗಣಿತ ಎಂಬ ಹೆಸರುಗಳೇ ಇವೆ. ಇಂದಿನ ಪಠ್ಯದಲ್ಲಿಯೂ ವಿಸ್ತೀರ್ಣ ಸುತ್ತಳತೆಗಳ ಅಧ್ಯಾಯಕ್ಕೆ ಕ್ಷೇತ್ರಗಣಿತವೆಂಬ ಹೆಸರು ಉಳಿದಿದೆ. ಆದರೆ ಕ್ಷೇತ್ರ ಎಂದರೆ ಇಂದಿನ ಮಕ್ಕಳಿಗೆ ಧರ್ಮಸ್ಥಳ ನೆನಪಾಗುತ್ತದೆ, ಇಲ್ಲವೇ ಚುನಾವಣೆ.

ಹಳ್ಳಿಯ ಶಾಲೆಯಲ್ಲಿ ನನಗೆ ಚದರದ ಬದಲು ಎಕರೆ ಗುಂಟೆಗಳ ತಾಪತ್ರಯವಿತ್ತು. ಪಹಣಿಯಲ್ಲಿ 2.20 ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ, ಏಕೆಂದರೆ ಎಕರೆಗೆ 40 ಗುಂಟೆ. ದಶಮಾಂಶ ಕಲಿತ ಹುಡುಗರು 2.20ಕ್ಕೆ 1.30 ಕೂಡಿಸಿ 3.50 ಎಂದರೆ ಮನೆಯಲ್ಲಿ ಅಪ್ಪಂದಿರು ನಗುತ್ತಿದ್ದರು. ಸರಿಯಾದ ಉತ್ತರ ನಾಲ್ಕು ಎಕರೆ ಹತ್ತು ಗುಂಟೆ. ಆ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ ಎಂಬುದನ್ನು ನಾನು ಪಹಣಿಯ ಪ್ರತಿಯನ್ನೇ ತರಿಸಿ ಕಲಿಸಿದೆ, ಮತ್ತು ಅದರಿಂದ ದಶಮಾಂಶದ ಪಾಠವೇ ಗಟ್ಟಿಯಾಯಿತು. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಆ ಹುಡುಗನಿಗೆ ಅಂಕ ಕೊಡಿ, ಆದರೆ ಹಂತಗಳನ್ನು ಬರೆಯಿಸಿ.

ಮರಳಿ ಬಂದವಳು

ಗಂಡನ ವರ್ಗಾವಣೆಯ ಕಾರಣದಿಂದ ನನ್ನ ಮಗ ಏಳನೆಯ ತರಗತಿಯವರೆಗೆ ಭೋಪಾಲದಲ್ಲಿ ಹಿಂದಿ ಮಾಧ್ಯಮದಲ್ಲಿ ಓದಿ, ಈಗ ಧಾರವಾಡದಲ್ಲಿ ಕನ್ನಡ ಮಾಧ್ಯಮಕ್ಕೆ ಸೇರಿದ್ದಾನೆ. ಪದಗಳು ಸಂಸ್ಕೃತದವೇ ಆದ್ದರಿಂದ ಗಣಿತದಲ್ಲಿ ಕಷ್ಟವಾಗಲಾರದು ಎಂದುಕೊಂಡಿದ್ದೆವು. ಆಯತ, ವೃತ್ತ, ವ್ಯಾಸ, ಪರಿಧಿಗಳಲ್ಲಿ ಕಷ್ಟವಾಗಲೂ ಇಲ್ಲ. ತೊಡಕು ಬಂದದ್ದು ಕರ್ಣನಿಂದ. ಹಿಂದಿ ಪುಸ್ತಕದಲ್ಲಿ ಲಂಬಕೋನ ತ್ರಿಭುಜದ ಅತಿ ಉದ್ದನೆಯ ಬಾಹುವಿಗೆ ಕರ್ಣವೆಂದೂ ಆಯತದ ಎದುರುಬದುರಿನ ಮೂಲೆಗಳನ್ನು ಸೇರಿಸುವ ಗೆರೆಗೆ ವಿಕರ್ಣವೆಂದೂ ಹೆಸರು. ಕನ್ನಡ ಪುಸ್ತಕದಲ್ಲಿ ಇದು ಸರಿಯಾಗಿ ತಿರುಗಮುರುಗ: ಆಯತದ್ದು ಕರ್ಣ, ತ್ರಿಭುಜದ್ದು ವಿಕರ್ಣ. ರಸಮಟ್ಟ ಅವರು ಹೇಳಿದ 50 ಅಡಿಯ ಗೆರೆಯನ್ನೇ ತೆಗೆದುಕೊಳ್ಳಿ. ಅದು ನಿವೇಶನಕ್ಕೆ ಕರ್ಣ. ಅದೇ ಗೆರೆ ನಿವೇಶನವನ್ನು ಎರಡು ತ್ರಿಭುಜಗಳಾಗಿ ಒಡೆದಾಗ ಆ ತ್ರಿಭುಜಗಳಿಗೆ ವಿಕರ್ಣ. ಹಿಂದಿಯಲ್ಲಿ ಓದಿದವನಿಗೆ ಎರಡೂ ಅದಲುಬದಲು. ಒಂದು ತಿಂಗಳು ಒದ್ದಾಡಿದ ಮೇಲೆ ಅವನು ಗೋಡೆಯ ಮೇಲೆ ಆಯತದ ಚಿತ್ರ ಬರೆದು ‘ಇಲ್ಲಿ ಕರ್ಣ’ ಎಂದು ಅಂಟಿಸಿಕೊಂಡ. ಪದದ ಮೂಲ ತಿಳಿದಿದ್ದರೆ ಸಾಲದು, ಈ ಊರಿನಲ್ಲಿ ಅದು ಯಾವುದಕ್ಕೆ ಸಲ್ಲುತ್ತದೆ ಎಂಬುದೂ ತಿಳಿದಿರಬೇಕು. ಹಳೇ ಮೇಷ್ಟ್ರೇ, ಮೊದಲಿಗೆ ಯಾವುದು ಸರಿ?

ಹಳೇ ಮೇಷ್ಟ್ರು

ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಲಂಬಕೋನ ತ್ರಿಭುಜದ ಮೂರು ಬಾಹುಗಳಿಗೆ ಭುಜ, ಕೋಟಿ, ಕರ್ಣ ಎಂದು ಹೆಸರು. ಚತುರ್ಭುಜದ ಎದುರುಬದುರಿನ ಮೂಲೆಗಳನ್ನು ಸೇರಿಸುವ ಗೆರೆಗೂ ಹಳಬರು ಕರ್ಣವೆಂದೇ ಹೇಳುತ್ತಿದ್ದರು. ಎರಡಕ್ಕೂ ಇದ್ದ ಒಂದೇ ಹೆಸರನ್ನು ಇಂದಿನ ಪಠ್ಯಗಳಲ್ಲಿ ಹಿಂದಿಯವರು ಒಂದು ಬಗೆಯಲ್ಲಿ, ನಾವು ಇನ್ನೊಂದು ಬಗೆಯಲ್ಲಿ ಹಂಚಿಕೊಂಡಿದ್ದೇವೆ. ನಿಮ್ಮ ಮಗನ ಗೋಡೆಯ ಚೀಟಿಯೇ ಸರಿ, ತಾಯಿ.

ಕಪ್ಪುಹಲಗೆ

ಎಲ್ಲರಿಗೂ ಧನ್ಯವಾದಗಳು. ಈ ವಾರ ನಡೆದದ್ದನ್ನು ತಿಳಿಸುತ್ತೇನೆ. ರಸಮಟ್ಟ ಅವರು ಹೇಳಿದಂತೆ 25 ಮತ್ತು 36 ಅಡಿಯ ಪ್ರಶ್ನೆಯನ್ನು ಕೇಳಿದೆ. ಹುಡುಗ ಮೊದಲು 36ರಲ್ಲಿ ನಾಲ್ಕನೆಯ ಒಂದು ಭಾಗ ಎಷ್ಟು ಎಂದು ಯೋಚಿಸಿ ಒಂಬತ್ತು ಎಂದ. 25 ಎಂಬುದು ನೂರರ ಕಾಲು ಭಾಗವಲ್ಲವೇ ಎಂದು ನನಗೇ ತಿರುಗಿ ಕೇಳಿದ. ಗುಣಿಸಿ ಭಾಗಿಸುವ ನನ್ನ ದಾರಿಗಿಂತ ಅವನದು ಚಿಕ್ಕದಾಗಿತ್ತು. ಅಂಕ ತಿದ್ದಿದ್ದೇನೆ. ಇಡೀ ತರಗತಿಯ ಮುಂದೆ ಹಲಗೆಯ ಮೇಲೆ ‘1 ಚದರ = 100 ಚದರ ಅಡಿ, ಕಟ್ಟಡದ ಕೆಲಸದಲ್ಲಿ’ ಎಂದು ಅವನ ಕೈಯಲ್ಲೇ ಬರೆಯಿಸಿದೆ.

ಸುತ್ತಳತೆ ಮತ್ತು ವಿಸ್ತೀರ್ಣದ ಗೊಂದಲಕ್ಕಾಗಿ ಪ್ರತಿ ಗುಂಪಿಗೂ 24 ಬೆಂಕಿಕಡ್ಡಿಗಳನ್ನು ಕೊಟ್ಟು, ಎಲ್ಲವನ್ನೂ ಬಳಸಿ ಆಯತ ಮಾಡಿ ಎಂದೆ. ಒಂದು ಗುಂಪು 11 ಮತ್ತು 1ರ ಉದ್ದನೆಯ ಪಟ್ಟಿ ಮಾಡಿತು, ಒಳಗೆ 11 ಚೌಕಗಳು. ಇನ್ನೊಂದು 8 ಮತ್ತು 4 ಮಾಡಿತು, ಒಳಗೆ 32. ಮತ್ತೊಂದು 6 ಮತ್ತು 6 ಮಾಡಿ 36 ಎಂದು ಕೂಗಿತು. ಅದು ಆಯತವಲ್ಲ, ಚೌಕ ಎಂದು ಉಳಿದವರು ಜಗಳ ತೆಗೆದರು. ಪ್ರತಿ ಚೌಕವೂ ಆಯತವೇ ಎಂಬುದನ್ನು ಒಪ್ಪಿಸುವಷ್ಟರಲ್ಲಿ ಗಂಟೆ ಹೊಡೆಯಿತು, ಇಬ್ಬರು ಇನ್ನೂ ಒಪ್ಪಿಲ್ಲ. ಸುತ್ತಳತೆ ಎಲ್ಲರದ್ದೂ 24ಕ್ಕೇ ನಿಂತಿದ್ದರೂ ಒಳಗಿನ ಜಾಗ ಬೇರೆಬೇರೆಯಾದದ್ದನ್ನು ಕಂಡ ಮೇಲೆ 140 ಬರೆದವರಲ್ಲಿ ನಾಲ್ವರು ತಮ್ಮ ತಪ್ಪನ್ನು ತಾವೇ ಹೇಳಿದರು.

ಒಂದು ಅನುಮಾನ ಉಳಿದಿದೆ. ಸಂಪಿನ ಪಾಠಕ್ಕೆ ಘನಫಲ ಎನ್ನಲೇ, ಗಾತ್ರ ಎನ್ನಲೇ? ಗಾತ್ರವೆಂದರೆ ಮಕ್ಕಳು ಚಪ್ಪಲಿಯ ಅಳತೆ, ಆನೆಯ ಗಾತ್ರ ಎಂದೆಲ್ಲ ಹೇಳುತ್ತಾರೆ.

ರಸಮಟ್ಟ

ಪುಸ್ತಕದಲ್ಲಿ ಯಾವುದಿದೆಯೋ ಅದನ್ನೇ ಹೇಳಿ ಮೇಡಂ, ಆದರೆ ಮೊದಲು ‘ಎಷ್ಟು ನೀರು ಹಿಡಿಯುತ್ತದೆ?’ ಎಂದು ಕೇಳಿ. 10 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳದ ಸಂಪಿನ ಒಳಗಿನ ಜಾಗ 300 ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್ ಆದ್ದರಿಂದ ತುಂಬಿದಾಗ ಸುಮಾರು 8,500 ಲೀಟರ್ ನೀರು. ಮೀಟರಿನಲ್ಲಿ ಅಳೆದರೆ ಲೆಕ್ಕ ಇನ್ನೂ ಸುಲಭ, ಒಂದು ಘನ ಮೀಟರಿಗೆ ಸರಿಯಾಗಿ ಸಾವಿರ ಲೀಟರ್. ಹೊರಗಿನಿಂದ ಅಳೆಯಬಾರದು ಎಂದು ಮಾತ್ರ ಹೇಳಿ. ಗೋಡೆಯ ದಪ್ಪ ನೀರು ಹಿಡಿಯುವುದಿಲ್ಲ.